ಪಾರ್ವತಿನಗರಕ್ಕೆ ಬಂದ ನಾಲ್ಕು ಮೀನು

ಇವತ್ತು ಬೆಳಿಗ್ಗೆ ನಲ್ಲಿ ಬಂತು. ಬಳ್ಳಾರಿಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ನೀವು ಬೇರೆ ಊರಿನವರಾದರೆ ಕೇಳಿ: ನಮ್ಮಲ್ಲಿ ನಲ್ಲಿ ದಿನವೂ ಬರುವುದಿಲ್ಲ. ಬಂದ ದಿನ ಕೊಡ, ಬಕೆಟ್, ಡ್ರಮ್ಮು, ಕೊನೆಗೆ ಕುಕ್ಕರ್ ಕೂಡ ತುಂಬಿಕೊಳ್ಳುತ್ತವೆ. ಮೊದಲ ಕೊಡದ ನೀರಿಗೆ ಬ್ಲೀಚಿಂಗ್ ಪೌಡರಿನ ಘಾಟು. ಆ ವಾಸನೆಗೆ ನನಗೆ ನಾಲ್ಕು ಮೀನು ನೆನಪಾಗುತ್ತವೆ.

ಕೆಲವು ವರ್ಷಗಳ ಹಿಂದಿನ ಮಾತು. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕೂತು ನನಗೆ ಬಿಪಿ ಬಂದಿತ್ತು. ಮೀನು ನೋಡುತ್ತ ಕೂತರೆ ಬಿಪಿ ಇಳಿಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಎರಡನೆಯವರನ್ನು ಕೇಳದೆ ನಾನು ಒಂದು ಸುದ್ದಿಯನ್ನೂ ಅಚ್ಚಿಗೆ ಬಿಡುವವಳಲ್ಲ. ಇದನ್ನು ಮಾತ್ರ ಹಾಗೇ ನಂಬಿ, ಕಂಟೋನ್ಮೆಂಟ್ ಕಡೆ ರಫೀಕ್ ಎಂಬವರು ಹೊಸದಾಗಿ ತೆರೆದಿದ್ದ ಅಂಗಡಿಯಿಂದ ಒಂದು ಗಾಜಿನ ತೊಟ್ಟಿ, ನಾಲ್ಕು ಗೋಲ್ಡ್ ಫಿಶ್ ಪಾರ್ವತಿನಗರದ ನಮ್ಮ ಮನೆಗೆ ತಂದೆ.

ಅತ್ತೆ ಬಾಗಿಲಲ್ಲೇ ತಡೆದರು. ಸಿರುಗುಪ್ಪದ ಶೈವ ಮನೆತನದ ಮಗಳು. ಮೊಟ್ಟೆ ಹಾಕಿದ್ದಾರೆಂಬ ಗುಮಾನಿ ಇದ್ದರೆ ಕೇಕನ್ನೂ ಹೊಸ್ತಿಲು ದಾಟಿಸುವವರಲ್ಲ.

"ಮನ್ಯಾಗ ಮೀನಾ? ಹೊರಗ ಇಡು."

"ತಿನ್ನಾಕಲ್ಲ ಅತ್ತಿ, ನೋಡಾಕ."

"ತಿನ್ನೋ ಮಂದೀನೂ ಮೊದ್ಲು ನೋಡೇ ತರ್ತಾರ."

ಮೂರನೆಯ ದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ತೊಟ್ಟಿಯ ಎದುರಿಗೆ ಅತ್ತೆಯ ಕುರ್ಚಿ ಬಂದಿತ್ತು. "ಈ ದಪ್ಪಂದು ನೋಡು, ನಿನ್ನ ಮಾವನಂಗ. ಯಾವಾಗ್ಲೂ ಬಾಯಿ ತಕ್ಕೊಂಡೇ ಇರ್ತೈತಿ," ಎಂದರು. ಪಕ್ಕದಲ್ಲೇ ಪೇಪರ್ ಓದುತ್ತಿದ್ದ ಮಾವ ಬಾಯಿ ಮುಚ್ಚಿಕೊಂಡರು.

ಐದನೆಯ ದಿನ ಸಂಜೆ ಮೀನುಗಳ ಆರೋಗ್ಯ ಕೆಟ್ಟಿತು. ಮೀನಿನ ಕಾಯಿಲೆಯದು ವಿಚಿತ್ರ. ಅದು ಕೆಮ್ಮುವುದಿಲ್ಲ, ನರಳುವುದಿಲ್ಲ, ಎಲ್ಲಿ ನೋವೆಂದು ಹೇಳುವುದಿಲ್ಲ. ನೋಡಿಯೇ ತಿಳಿಯಬೇಕು. ನೋಡುವುದೇ ನನ್ನ ಕೆಲಸವಲ್ಲವೇ ಎಂದು ನೋಟ್‌ಬುಕ್ ತೆಗೆದೆ. "6.10: ನಾಲ್ಕೂ ನೀರಿನ ಮೇಲಕ್ಕೆ ಬಂದಿವೆ. ಬಾಯಿ ಬೇಗ ಬೇಗ ಆಡುತ್ತಿದೆ. 6.40: ಕಿವಿರು ಕೆಂಪಾಗಿದೆ. ಒಂದು ಪಕ್ಕಕ್ಕೆ ವಾಲಿದೆ." ಅಕ್ಷರ ಮಾತ್ರ ಬಹಳ ಚೆನ್ನಾಗಿತ್ತು.

ಪಕ್ಕದ ಮನೆಯ ನಿವೃತ್ತ ಪಶುವೈದ್ಯರನ್ನು ಕೇಳಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಎಮ್ಮಿ ಆಗಿದ್ರ ನಾಲಿಗಿ ಹಿಡದು ಹೇಳ್ತಿದ್ದೆ ನೋಡವ್ವಾ," ಎಂದರು. ಬಿಪಿಯ ಸಹೋದ್ಯೋಗಿ ಫೋನಿನಲ್ಲಿ ಉಪ್ಪು ಹಾಕಲು ಹೇಳಿದರು. ಉಪ್ಪು ಹಾಕಿದರೆ ಸಾಯುತ್ತವೆ ಎಂದು ನನ್ನ ಗಂಡ. ಇಬ್ಬರು ಎರಡು ರೀತಿ ಹೇಳಿದರೆ ಸುದ್ದಿಯನ್ನು ನಾಳೆಗೆ ಇಡಬಹುದು. ಮೀನಿನ ಉಸಿರನ್ನು ನಾಳೆಗೆ ಇಡಲಾಗದು. ಬೆಳಗಾಗುವಷ್ಟರಲ್ಲಿ ಎರಡು ಸತ್ತಿದ್ದವು. ಅತ್ತೆ ಅವತ್ತು ತಿಂಡಿ ತಿನ್ನಲಿಲ್ಲ.

ನಾನು ನೇರವಾಗಿ ರಫೀಕರ ಅಂಗಡಿಗೆ ಹೋದೆ. ಮೂವರು ಗಿರಾಕಿಗಳಿದ್ದರು. ಅವರೆದುರೇ, "ರೋಗದ ಮೀನು ಮಾರಿದ್ದೀರಿ," ಎಂದೆ. ಪತ್ರಿಕೆಯವಳೆಂಬುದನ್ನೂ ಸೇರಿಸಿದೆ, ಸೇರಿಸಬೇಕಾದ ಅಗತ್ಯವಿರಲಿಲ್ಲ. ಮೂವರಲ್ಲಿ ಇಬ್ಬರು ಕೈಯಲ್ಲಿದ್ದ ಮೀನಿನ ಚೀಲ ಕೆಳಗಿಟ್ಟು ಹೊರಟರು.

ರಫೀಕ್ ದನಿ ಏರಿಸಲಿಲ್ಲ. "ನೀರು ಬದ್ಲಿ ಮಾಡಿದ್ರೇನು ಮೇಡಂ?"

"ಇಲ್ಲ."

"ಮನ್ಯಾಗ ಬ್ಯಾರೆ ಯಾರರ?"

"ಇಲ್ಲ ಅಂದ್ನೆಲ್ಲ."

ಎಷ್ಟು ಖಚಿತವಾಗಿ ಹೇಳಿದೆನೆಂದರೆ, ಯಾವನಾದರೂ ವರದಿಗಾರ ನನ್ನೆದುರು ಹಾಗೆ ಹೇಳಿದ್ದರೆ ಇನ್ನೊಮ್ಮೆ ಕೇಳಿ ಬಾ ಎಂದು ವಾಪಸ್ ಕಳಿಸುತ್ತಿದ್ದೆ. ರಫೀಕ್ ಒಂದು ಸಣ್ಣ ಸೀಸೆ, ಗಾಳಿ ಬಿಡುವ ಮೋಟರು ತೆಗೆದುಕೊಂಡು ನನ್ನ ಹಿಂದೆಯೇ ಸ್ಕೂಟರಿನಲ್ಲಿ ಬಂದರು. ತೊಟ್ಟಿಗೆ ಬೆರಳು ಅದ್ದಿ ಮೂಸಿದರು. ಆಗ ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು.

"ನಿನ್ನೆ ನಲ್ಲಿ ಬಂದಿತ್ತಪಾ. ಮೊದ್ಲನೇ ಕೊಡ ದೇವರಿಗೆ ಇಟ್ಟೆ. ಆಮ್ಯಾಲೆ ಇವುಕ್ಕ ಹಳೇ ನೀರು ಯಾಕಂತ ಎಲ್ಲಾ ಚೆಲ್ಲಿ ಹೊಸಾ ನೀರು ತುಂಬೀನಿ. ನಾವು ಕುಡಿಯೋಕಿಂತ ಮೊದ್ಲು ಅವುಕ್ಕ ಹಾಕೀನಿ. ಆದ್ರೂ ಹಿಂಗ್ಯಾಕಾತು?"

ನಾನು ಊರನ್ನೆಲ್ಲ ಕೇಳಿದ್ದೆ, ಎಮ್ಮೆ ವೈದ್ಯರನ್ನೂ ಕೇಳಿದ್ದೆ. ದಿನವಿಡೀ ತೊಟ್ಟಿಯ ಎದುರು ಕೂರುವವರನ್ನು ಕೇಳಿರಲಿಲ್ಲ.

ರಫೀಕ್ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. "ನೀರು ಚಲೋ ಐತ್ರಿ ಅಮ್ಮಾರ. ನಮ್ ಮೀನೇ ಸ್ವಲ್ಪ ಸೊರಗಿದ್ವು," ಎಂದರು. ಸೀಸೆಯಿಂದ ಹನಿ ಹಾಕಿ, ಮೋಟರು ಹಚ್ಚಿ, ಎರಡು ದಿನ ಊಟ ಹಾಕಬೇಡಿ ಎಂದು ಹೇಳಿ ಎದ್ದರು. ಗೇಟಿನ ಹತ್ತಿರ ನನಗೆ ಮಾತ್ರ ಕೇಳುವಂತೆ ಹೇಳಿದರು: "ಬ್ಲೀಚಿಂಗ್ ಮೇಡಂ. ಹನಿ ಹಾಕಿದ್ದು ಅದನ್ನ ಮುರಿಯಾಕ. ನಲ್ಲಿ ನೀರು ಬಕೀಟ್ನ್ಯಾಗ ಬಾಯಿ ಮುಚ್ಚದಂಗ ಒಂದೆರಡು ದಿನ ಇಟ್ಟು ಹಾಕಬೇಕು. ಅದೂ ಸ್ವಲ್ಪ ಸ್ವಲ್ಪ."

"ಅತ್ತೀಗೆ ಯಾಕ ಹೇಳ್ಲಿಲ್ಲ?"

"ಪ್ರೀತಿಲೆ ಹಾಕ್ಯಾರ. ನೀವ ಕೊಂದ್ರಿ ಅಂತ ಹೆಂಗನ್ಲಿ?"

ಉಳಿದೆರಡು ಮೀನು ಬದುಕಿದವು, ಮಾವನಂಥದ್ದೂ ಸೇರಿ. ಆದರೆ ಅತ್ತೆಯ ಬಳಿಯೂ ಒಂದು ಫೋನಿತ್ತು. ಕುರುಗೋಡಿನ ತಂಗಿಗೆ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ತಮ್ಮನಿಗೆ, ಬೀಗರಿಗೆ, ಎಲ್ಲರಿಗೂ ಸುದ್ದಿ ಹೋಯಿತು: "ಆ ಅಂಗಡ್ಯಾಗ ಮೀನು ತಗೋಬ್ಯಾಡ್ರಿ. ಸೊರಗಿದ್ದು ಕೊಡ್ತಾನ. ಅಂವನ ಬಾಯಿಲೇ ಒಪ್ಪಿಕೊಂಡಾನ." ಆರೋಪಿಯ ಹೇಳಿಕೆಯೇ ಇದ್ದ ಮೇಲೆ ಯಾರು ನಂಬುವುದಿಲ್ಲ?

ನಾನು ಸುಮ್ಮನಿದ್ದೆ. ಸೊಸೆಯಾದವಳು ಅತ್ತೆಗೆ, "ಮೀನು ಸತ್ತಿದ್ದು ನಿಮ್ಮಿಂದ," ಎಂದು ಹೇಳುವುದು ಎಷ್ಟು ಸುಲಭವೋ ನೀವೇ ಯೋಚಿಸಿ. ಹತ್ತು ದಿನದ ನಂತರ ಮೀನಿನ ಊಟ ತರಲು ಹೋದಾಗ ರಫೀಕ್ ಒಂದು ದೊಡ್ಡ ತೊಟ್ಟಿಯನ್ನು ಒರೆಸುತ್ತಿದ್ದರು. "ಸಿರುಗುಪ್ಪದ ಒಂದು ಗಿರಣಿ ಆಫೀಸಿಗೆ ಅಂತ ಮಾಡಿಸಿದ್ದೆ. ಬ್ಯಾಡಂದ್ರು ಮೇಡಂ," ಎಂದರು. ಆ ಗಿರಣಿಯವರು ನಮಗೆ ಏನಾಗಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು.

ಅವತ್ತೇ ಮನೆಗೆ ಬಂದು ಬ್ಲೀಚಿಂಗಿನ ಮಾತು ಹೇಳಿದೆ. ಅತ್ತೆ ತೊಗರಿಬೇಳೆ ಆರಿಸುತ್ತಿದ್ದರು, ಕೈ ನಿಂತಿತು.

"ಹಂಗಾದ್ರ ಅವೆರಡು ನನ್ನ ಕೈಯಾಗ ಹೋದ್ವು."

ನಾನು ಅವರೆದುರು ನೆಲದ ಮೇಲೆ ಕೂತೆ.

"ಅಂವ ಯಾಕ ಸುಳ್ಳು ಹೇಳಿದ?"

"ನಿಮಗ ಬ್ಯಾಸರ ಆಗಬಾರ್ದಂತ."

ಮೊರವನ್ನು ಪಕ್ಕಕ್ಕಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಸಿರುಗುಪ್ಪಕ್ಕ ಫೋನ್ ಹಚ್ಚು," ಎಂದರು.

ನಾಲ್ಕು ಕಾಲಂ ಸುದ್ದಿಯಲ್ಲಾದ ತಪ್ಪಿಗೆ ನಮ್ಮ ಪತ್ರಿಕೆಯಲ್ಲಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬರುತ್ತದೆ. ಅತ್ತೆ ಯಾರು ಯಾರಿಗೆ ಹೇಳಿದ್ದರೋ ಅವರಿಗೆಲ್ಲ, ಅದೇ ಸರದಿಯಲ್ಲಿ, ಅದೇ ಗಟ್ಟಿ ದನಿಯಲ್ಲಿ ಹೇಳಿದರು: "ಮೊನ್ನೆ ಹೇಳಿದ್ದು ಸುಳ್ಳು. ಮೀನು ಕೊಂದಾಕಿ ನಾನು. ಆ ಮನಷ್ಯಾ ಚಲೋ ಅದಾನ." ಕೊನೆಯ ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಇನ್ನ ನೀನು?"

"ನಾನೇನು?"

"ಅಂಗಡ್ಯಾಗ ಮಂದಿ ಮುಂದ ಅಂದು ಬಂದಿದ್ಯಲ್ಲ."

ಮರುದಿನ ಹೋದೆ. ಅಂಗಡಿಯಲ್ಲಿ ಒಬ್ಬರೇ ಗಿರಾಕಿ. ನಾನು ಅಂದದ್ದು ಮೂವರ ಮುಂದೆ. ಹಾಗಾಗಿ ಇನ್ನಿಬ್ಬರು ಬರುವವರೆಗೆ ಮುಕ್ಕಾಲು ಗಂಟೆ ಸ್ಟೂಲಿನ ಮೇಲೆ ಕಾದು, ಆಮೇಲೆ ಎದ್ದು ನಿಂತು ಹೇಳಿದೆ: ಮೀನಿಗೆ ರೋಗವಿರಲಿಲ್ಲ, ನೀರು ನಮ್ಮದು, ತಪ್ಪು ನನ್ನದು. ರಫೀಕ್ ನಾಚಿಕೊಂಡು, "ಬಿಡ್ರಿ ಮೇಡಂ," ಎಂದು ಮೀನುಗಳ ಕಡೆ ನೋಡಿದರು. ಗಿರಾಕಿಯೊಬ್ಬರು, "ಅದಿರ್ಲಿ, ನೀರು ಎಷ್ಟು ದಿನ ಇಡಬೇಕ್ರಿ?" ಎಂದು ಕೇಳಿದರು.

ಇದನ್ನು ಬರೆಯುತ್ತಿರುವಾಗ ಅತ್ತೆ ಪಡಸಾಲೆಯಲ್ಲಿ ಫೋನಿನಲ್ಲಿದ್ದಾರೆ. ಕುರುಗೋಡಿನ ತಂಗಿಯೂ ಈಗ ಮೀನು ಸಾಕಿದ್ದಾರೆ. ಮೊನ್ನೆ ತಂದವು ಇವತ್ತು ಮಂಕಾಗಿವೆಯಂತೆ. ನಾನು ಪೆನ್ನು ನಿಲ್ಲಿಸಿ ಕೇಳುತ್ತಿದ್ದೇನೆ.

"ಅಂಗಡ್ಯಾವನ್ನ ಆಮ್ಯಾಲೆ ಬೈಯುವಂತಿ. ನೀರು ಯಾವತ್ತಿಂದು? ಹಾಕಿದೋರು ಯಾರು? ನೀ ಕಣ್ಣಿಲೆ ನೋಡೀಯೇನು? ಮನ್ಯಾಗ ಎಲ್ಲಾರ್ನೂ ಕೇಳಿದಿ? ಸೊಸೀನ್ನ ಕೇಳಿದಿ? ಹೋಗು, ಕೇಳಿ ಬಾ. ನಾ ಫೋನ್ ಹಿಡಕೊಂಡಿರ್ತೀನಿ."