ಅಕ್ಕನ ಜೊತೆ ಕಾಲೇಜು ನೋಡಲು ಹೋದ ದಿನ

ನಾನು ಚಿಕ್ಕವನಿದ್ದಾಗ ತಿಳವಳ್ಳಿಯ ನಮ್ಮ ಹಿಟ್ಟಿನ ಗಿರಣಿ ಕೆಟ್ಟು ನಿಂತರೆ ಅಪ್ಪ ಮೊದಲು ಕೂಗುತ್ತಿದ್ದುದು ಅಕ್ಕನನ್ನು. ಅವಳು ಎರಡೂ ಜಡೆ ಹಿಂದಕ್ಕೆಸೆದು, ಪಾನಾ ಹಿಡಿದು ಇಂಜಿನ್ನಿನ ಮುಂದೆ ಕುಳಿತಳೆಂದರೆ ಮುಗಿಯಿತು, ಗಿರಣಿ ಮತ್ತೆ ಟುಕುಟುಕು ಅನ್ನಲೇಬೇಕು! ನಾನು ಮಾತ್ರ ಹೊಗೆ ಕಂಡರೆ ಅವ್ವನ ಸೆರಗಿನ ಹಿಂದೆ ಅಡಗುತ್ತಿದ್ದೆ. ಅದನ್ನು ಯಾರಿಗೂ ಹೇಳಬೇಡಿ ಮತ್ತೆ.

ಪಿಯುಸಿ ಮುಗಿದದ್ದೇ ತಡ, ಇಂಜಿನಿಯರಿಂಗ್ ಓದುತ್ತೇನೆಂದು ಅಕ್ಕ ಹಟ ಹಿಡಿದಳು. ಎರಡು ದಿನ ಊಟ ಬಿಟ್ಟಳು. ಕೊನೆಗೆ ಅಪ್ಪ ಒಂದು ಮಾತು ಹೇಳಿದ: "ಅಷ್ಟು ಗಂಡುಹುಡುಗರ ನಡುವ ನೀ ಒಬ್ಬಾಕಿ ಬ್ಯಾಡ. ಕಾಲೇಜಿನ್ಯಾಗ ಇನ್ನೊಬ್ಬ ಹುಡುಗಿ ಇದ್ರ ಹಚ್ಚತೇನಿ, ಇಲ್ಲಂದ್ರ ಇಲ್ಲ. ನಡಿ, ನೋಡಿಕೊಂಡು ಬರೂಣು."

ನಾನು ಅತ್ತು ಕರೆದು ಬೆನ್ನು ಹತ್ತಿದೆ. ಬೆಳಗಿನ ಮೊದಲ ಕೆಂಪು ಬಸ್ಸು! ಶಿಗ್ಗಾವಿಯಲ್ಲಿ ಯಾರೋ ಸವಣೂರಿನ ಎಲೆಯ ಬುಟ್ಟಿಗಳನ್ನು ಹೇರಿದರು, ಹಸಿ ವೀಳ್ಯದೆಲೆಯ ಘಮ ಬಸ್ಸಿನ ತುಂಬ ತುಂಬಿತು. ನಾನು ಕಿಟಕಿಯಿಂದ ಕಂಡದ್ದಕ್ಕೆಲ್ಲ ಕೂಗುತ್ತಿದ್ದೆ. ಅಕ್ಕ ಮಾತ್ರ ಉಗುರು ಕಚ್ಚುತ್ತ ಕುಳಿತಿದ್ದಳು.

ಶಹರದಲ್ಲಿ ನಾವು ಹೊಕ್ಕ ಮೊದಲ ಕಾಲೇಜಿನಲ್ಲಿ ಗುಮಾಸ್ತ ಕನ್ನಡಕ ತೆಗೆದು ನಮ್ಮನ್ನು ನೋಡಿದ. "ಹುಡುಗ್ಯಾರು? ಒಬ್ರೂ ಇಲ್ರಿ," ಅಂದ. ಅಪ್ಪ ಹೊರಗೆ ನಡೆದ.

ಎರಡನೆಯ ಕಾಲೇಜು ನೋಡಿ ನಾನು ಬಾಯಿ ಬಿಟ್ಟೆ. ಎಂಥ ವರ್ಕ್‌ಶಾಪು ಅದು! ಯಂತ್ರ ತಿರುಗಿದಂತೆಲ್ಲ ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಬಿಸಿ ಎಣ್ಣೆಯ ವಾಸನೆ, ಕಿವಿಗಡಚಿಕ್ಕುವ ಸದ್ದು. ಅಕ್ಕ ಕಿಟಕಿಯ ಸರಳು ಹಿಡಿದವಳು ಬಿಡಲೇ ಒಲ್ಲಳು. ಆದರೆ ಆಫೀಸಿಗೆ ಊಟದ ಹೊತ್ತಿನ ಬೀಗ. ಕಾಲೇಜು ಪೂರಾ ಸುತ್ತಿದೆವು. ಎಲ್ಲಿ ನೋಡಿದರೂ ಗಂಡುಹುಡುಗರೇ.

"ಬುತ್ತಿ ಉಂಡು ಬಸ್ಸು ಹಿಡಿಯೂಣು," ಎಂದ ಅಪ್ಪ. ಅಕ್ಕನ ಕಣ್ಣು ತುಂಬಿ ಬಂತು. ನನಗೂ ಅಳು ಬಂತು, ಯಾಕೆಂದು ಪೂರ್ತಿ ಗೊತ್ತಿರದಿದ್ದರೂ.

ಬೇವಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ನಮ್ಮ ಕಡೆ ಬುತ್ತಿ ಬಿಚ್ಚಿದವರು ಎದುರಿಗೆ ಬಂದವರನ್ನು ಕರೆಯದೆ ಉಣ್ಣುವುದಿಲ್ಲ. ಎಷ್ಟೇ ಬೇಸರವಿದ್ದರೂ ಅಪ್ಪ ಅದನ್ನು ಬಿಡಲಿಲ್ಲ. ವರ್ಕ್‌ಶಾಪಿನಿಂದ ಹೊರಬಿದ್ದ ಗುಂಪಿಗೆ, "ಬರ್ರಿ, ಊಟಾ ಮಾಡೂಣು!" ಎಂದು ಕೂಗಿದ. ಸಾಮಾನ್ಯವಾಗಿ ಎಲ್ಲರೂ "ಆಗ್ಲಿ, ಮಾಡ್ರಿ ಮಾಡ್ರಿ" ಎಂದು ಮುಂದೆ ಹೋಗುತ್ತಾರೆ. ಇವರೋ ಹಾಸ್ಟೆಲ್ಲಿನ ಅನ್ನ ಉಂಡು ಸಾಕಾದವರು, ಓಡಿ ಬಂದೇ ಬಿಟ್ಟರು! ಅವರ ಹಿಂದೆಯೇ ಉದ್ದ ಖಾಕಿ ಕೋಟು ತೊಟ್ಟು, ಕೈಯೆಲ್ಲ ಮಸಿ ಮಾಡಿಕೊಂಡ ಒಬ್ಬ ಹುಡುಗಿ ಬಂದು ಕುಳಿತಳು. ಆ ಕೋಟಿನಿಂದಾಗಿ ದೂರದಿಂದ ಅವಳೂ ಹುಡುಗನಂತೆಯೇ ಕಂಡಿದ್ದಳೇನೋ!

ಅಪ್ಪನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ಇಲ್ಲೆ ಹುಡುಗ್ಯಾರು ಎಷ್ಟು ಮಂದಿ ಅದೀರಿ, ತಂಗಿ?"

"ನಾ ಒಬ್ಬಾಕೀನ ರೀ. ನಮ್ಮಪ್ಪಾನೂ ಬ್ಯಾಡ ಅಂದಿದ್ರು. ಜಗಳಾ ಮಾಡಿ ಬಂದೇನಿ," ಎಂದು ನಕ್ಕಳು. ಆಮೇಲೆ ಅಕ್ಕನತ್ತ ತಿರುಗಿ, "ನೀನೂ ಬಂದುಬಿಡು. ಇಬ್ಬರಾಗೂಣು," ಅಂದಳು.

ಅಕ್ಕ ಅಪ್ಪನನ್ನೇ ನೋಡಿದಳು. ಅಪ್ಪ ಆ ಹುಡುಗಿಯ ಕೈಗೆ ಇನ್ನೊಂದು ರೊಟ್ಟಿ ಇಟ್ಟ. "ಈಕೀನ್ನ ಬಿಡಾಕ ಬರೂ ದಿನ ಇಬ್ಬರಿಗೂ ಆಗೂವಷ್ಟು ಬುತ್ತಿ ಕಟ್ಟಿಸಿಕೊಂಡು ಬರ್ತೇನಿ," ಅಂದ. ಅಕ್ಕ ಅಳುತ್ತಲೇ ನಕ್ಕಳು. ನಾನು ಕುಣಿದು ಚಟ್ನಿಯ ಡಬ್ಬಿ ಉರುಳಿಸಿದೆ, ಯಾರೂ ಬೈಯಲಿಲ್ಲ!

ಮೊನ್ನೆ ನನ್ನ ಮೊಮ್ಮಗಳಿಗೂ ಅವಳ ಗೆಳತಿಯರಿಗೂ ಇಂಜಿನಿಯರಿಂಗ್ ಕಾಲೇಜು ತೋರಿಸಲು ಹೋಗಿದ್ದೆ. ಅವಳು ವೈಫೈ ಕೇಳಿದಳು, ರೋಬೋಟ್ ಇರುವ ಕೋಣೆ ಎಲ್ಲಿ ಎಂದು ಕೇಳಿದಳು. ನಾನು ಅತ್ತಿತ್ತ ಕಣ್ಣಾಡಿಸುತ್ತಿದ್ದೆ.

"ಅಜ್ಜಾ, ಏನ್ ಹುಡುಕಾಕತ್ತೀ?"

"ಹುಡುಗ್ಯಾರು ಅದಾರೇನು ನೋಡಾಕತ್ತೇನವಾ."

"ಇದೆಂಥಾ ಪ್ರಶ್ನೆ ಅಜ್ಜಾ, ಇರದ ಎಲ್ಲಿ ಹೋಗ್ತಾರ!" ಎಂದು ನಕ್ಕು ಗೆಳತಿಯರ ಜೊತೆ ಒಳಗೆ ಓಡಿದಳು.

ಅವಳಿಗೆ ನನ್ನ ಪ್ರಶ್ನೆ ಅರ್ಥವೇ ಆಗಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಅಲ್ಲೇ ಗೇಟಿನ ಬಳಿ ನಿಂತು ಅಕ್ಕನಿಗೆ ಫೋನು ಹಚ್ಚಿದೆ.