ಬೆಂಕಿಪೊಟ್ಟಣದ ಹುಳ

ಆ ವಿದ್ಯಾರ್ಥಿಗೆ ನಾನು ಸುಳ್ಳು ಹೇಳಿದೆ, ನಡೆದದ್ದು ಅಷ್ಟೇ. ಅವನು ಓದುತ್ತಿದ್ದದ್ದು ಚರಿತ್ರೆ. ಹುಡುಕುತ್ತಿದ್ದದ್ದು ಹತ್ತಿಕಾಯಿಯ ಹುಳ ಆದವಾನಿ ಸೀಮೆಗೆ ಯಾವಾಗ ಬಂತೆಂದು. ಹುಳವಿಟ್ಟ ಬೆಂಕಿಪೊಟ್ಟಣ ತೆರೆದು ಓಣಿಯ ಹೆಂಗಸರನ್ನೆಲ್ಲ ಕೇಳುತ್ತಿದ್ದ: "ನಿಮ್ಮ ಮದಿವಿ ಆದಾಗ ಈ ಹುಳ ಇತ್ತೇನ್ರಿ, ಅಕ್ಕಾ?"

ರೊಟ್ಟಿ ಬಡಿಯುತ್ತಿದ್ದ ನಾನು ಹುಳವನ್ನು ಒಮ್ಮೆ ನೋಡಿದೆ, ಕೈ ನಿಲ್ಲಿಸಲಿಲ್ಲ. "ಇದ್ದಿದ್ದಿಲ್ಲ, ಹೋಗಪ್ಪಾ."

ಹುಳಕ್ಕೆ ನೋವಾಗದಂತೆ ಪೊಟ್ಟಣ ಮುಚ್ಚಿ, ಕೈಮುಗಿದು ಬರೆದುಕೊಂಡ.

ಸಂಜೆ ಬಂದು ಓದಿ ತೋರಿಸಿದ. ನನ್ನ ಒಂದು ಮಾತಿನ ಮೇಲೆ ನಾಲ್ಕು ಪುಟ ಕಟ್ಟಿದ್ದ.

"ಇದನ್ನ ಕಾಲೇಜಿನವ್ರು ಒಪ್ಪಿದ್ರ ನನಗ ಡಿಗ್ರಿ ಸಿಗ್ತೈತ್ರಿ, ಅಕ್ಕಾ. ನಾಳಿ ರೈಲಿಗೆ ಹೊಂಟೀನಿ."

ನನ್ನ ಮದುವೆಯ ವರ್ಷ ಹೊಲದಲ್ಲಿ ಒಡೆದ ಕಾಯಿಗಳಲ್ಲೆಲ್ಲ ಅದೇ ಹುಳವಿತ್ತು.

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ನಡೆದೆ. ಆ ಪುಟಗಳನ್ನು ಅವನ ಕೈಯಿಂದ ಕಿತ್ತು, "ಇತ್ತು, ಬರಕೋ" ಎಂದು ಬೆಂಚಿನ ಮೇಲೆ ಕುಳಿತೆ.