ಕನ್ಯಾನದ ಶುಕ್ರವಾರ

ಆ ಕೆಲಸದ ಮೊದಲ ಐದು ತಿಂಗಳಲ್ಲಿ ನಾನು ಕನ್ಯಾನಕ್ಕೆ ಎಷ್ಟು ಸಲ ಹೋಗಿದ್ದೆ ಎಂದು ಕೇಳಿದರೆ ಎರಡು ಉತ್ತರಗಳಿವೆ. ನಾನೇ ಬರೆದು ಕಂಪನಿಗೆ ಕಳಿಸಿದ ವರದಿಗಳ ಪ್ರಕಾರ ಐದು ಸಲ. ನೆನಪಿನ ಪ್ರಕಾರ ಒಂದು ಸಲ. ನನ್ನ ನೆನಪನ್ನು ನಾನು ಸುಲಭವಾಗಿ ನಂಬುವವನಲ್ಲ, ಆದರೆ ಈ ಒಂದು ಲೆಕ್ಕದಲ್ಲಿ ವರದಿಗಿಂತ ನೆನಪೇ ವಾಸಿ.

ತೊಂಬತ್ತೈದೋ ತೊಂಬತ್ತಾರೋ ಇರಬೇಕು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಕಾಲೇಜುಗಳಿಗೆ ಅರ್ಜಿ ಹಾಕಿ ಸುಸ್ತಾಗಿದ್ದೆ. ಕೊನೆಗೆ ಸಿಕ್ಕಿದ್ದು ಟಾರ್ಚಿನ ಸೆಲ್ಲು ಮಾರುವ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ನನ್ನ ವ್ಯಾಪ್ತಿ. ಅಂಗಡಿ ಅಂಗಡಿಗೆ ಹೋಗಿ ಆರ್ಡರ್ ಬರೆದುಕೊಳ್ಳುವುದು, ಮಾಲನ್ನು ಬಿ.ಸಿ. ರೋಡ್ ಪೇಟೆಯ ವಿತರಕರು ಕಳಿಸುವುದು. ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ. ಅದರ ಕೊನೆಗೆ ಮೇಲಿನವರೊಬ್ಬರು ಬಂದು ಒಂದು ದಿನ ನನ್ನ ಜತೆ ತಿರುಗುತ್ತಾರೆ, ಅವರು ಒಪ್ಪಿದರೆ ಕೆಲಸ ಖಾಯಂ, ಜತೆಗೊಂದು ಸ್ಕೂಟರ್. ಬೆಳಿಗ್ಗೆಯಿಂದ ಸಂಜೆವರೆಗೆ ಬಸ್ಸಿನ ಬಾಗಿಲಲ್ಲಿ ನೇತಾಡುವವನಿಗೆ ಸ್ಕೂಟರ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಆದರೆ ಸ್ಕೂಟರಿಗಿಂತ ಹೆಚ್ಚಾಗಿ ನನಗೆ ಬೇಕಿದ್ದದ್ದು ಮೂಡುಬಿದಿರೆಯ ಮನೆಯಲ್ಲಿ, ಸೂರ್ಯ ಮುಳುಗುವ ಮೊದಲಿನ ಊಟಕ್ಕೆ ಕೂತಾಗ, ದೊಡ್ಡಪ್ಪ "ಈಗ ಏನು ಮಾಡಿಕೊಂಡಿದ್ದಿ?" ಎಂದು ಕೇಳದೆ ಇರುವುದು.

ತಿಂಗಳ ಕೊನೆಯ ವಾರದಲ್ಲಿ ಮುಂದಿನ ತಿಂಗಳ ದಾರಿಯನ್ನು ಬರೆದು ಕಳಿಸಬೇಕಿತ್ತು. ಯಾವ ದಿನ ಯಾವ ಊರು, ಎಷ್ಟು ಹೊತ್ತಿಗೆ ಯಾರ ಅಂಗಡಿ. ನನಗಿಂತ ಮೊದಲು ಇದ್ದವನ ಹಳೆಯ ಹಾಳೆಗಳನ್ನು ಕೊಟ್ಟಿದ್ದರು. ಅವನು ದುಬೈಗೆ ಹೋಗಿಬಿಟ್ಟಿದ್ದರಿಂದ ಕೇಳಲು ಆಗುವಂತಿರಲಿಲ್ಲ. ಅವನ ದಾರಿ ನೋಡಿ ನನಗೆ ನಗು ಬಂತು. ಒಂದು ದಿನ ಕಲ್ಲಡ್ಕ, ವಿಟ್ಲ. ಮರುದಿನ ಮತ್ತೆ ಅದೇ ದಾರಿಯಲ್ಲಿ ಕನ್ಯಾನ. ಸಿದ್ಧಕಟ್ಟೆಗೆ ಬೆಳಿಗ್ಗೆ ಹೋಗಿ, ಮೂಡುಬಿದಿರೆ ಎದುರಿಗೇ ಇದ್ದರೂ ಅಲ್ಲಿಗೆ ಹೋಗದೆ ವಾಪಸು. ಇರುವೆ ಸಾಲು ಕೂಡ ಇದಕ್ಕಿಂತ ಬುದ್ಧಿವಂತಿಕೆಯಿಂದ ಹೋಗುತ್ತದೆ ಅನಿಸಿತು.

ಬಿ.ಸಿ. ರೋಡಿನ ಬಾಡಿಗೆ ಕೋಣೆಯ ಗೋಡೆಗೆ ಜಿಲ್ಲೆಯ ನಕ್ಷೆ ಅಂಟಿಸಿದೆ. ಗುಂಡುಸೂಜಿ ಚುಚ್ಚಿ, ದಾರ ಎಳೆದು, ದೂರ ಅಳೆದು, ಕೆಲಸ ಶುರುವಾಗುವ ಮೊದಲಿನ ಹದಿನೈದು ದಿನ ಕೂತು ಹೊಸ ದಾರಿ ಮಾಡಿದೆ. ಮೂರು ಪೇಟೆಗಳು ಸೇರಿ ಚಂದದ ಒಂದು ತ್ರಿಕೋನ. ಬೆಳ್ತಂಗಡಿ ಕಡೆಯ ದಿನ ಉಜಿರೆ, ಮುಂಡಾಜೆ ಮುಗಿಸಿ ಚಾರ್ಮಾಡಿಯಿಂದ ಇಳಿದುಬರುವ ಬಸ್ಸು ಹಿಡಿಯುವುದು. ಸಿದ್ಧಕಟ್ಟೆಯ ದಿನ ಅಲ್ಲಿಂದಲೇ ಮೂಡುಬಿದಿರೆಗೆ, ಅದೂ ನಾಲ್ಕು ಗಂಟೆಯೊಳಗೆ. ಆರು ಗಂಟೆಗೆ ನಮ್ಮ ಜೈನರು ಅಂಗಡಿಯಿಂದ ಎದ್ದು ಊಟಕ್ಕೆ ಹೋಗುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಲ್ಲಡ್ಕ, ವಿಟ್ಲ, ಕನ್ಯಾನ ಒಂದೇ ಗೆರೆಯಲ್ಲಿ ಇದ್ದುದರಿಂದ ಮೂರಕ್ಕೂ ಸೇರಿ ಒಂದು ದಿನ ಕೊಟ್ಟೆ. ಆ ದಿನ ತಿಂಗಳ ಮೊದಲ ಶುಕ್ರವಾರ. ಕನ್ಯಾನಕ್ಕೆ ಮುಟ್ಟುವ ಹೊತ್ತು ಹನ್ನೆರಡೂವರೆ.

ಈ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವನು ನಾನು. ಕಾಲೇಜಿನಲ್ಲಿ ಪಕ್ಕದ ಬೆಂಚಿನ ಗೆಳೆಯ ಪ್ರತಿ ಶುಕ್ರವಾರ ಬೆಳಗಿನ ಕೊನೆಯ ಕ್ಲಾಸು ಬಿಟ್ಟು ಮಸೀದಿಗೆ ಓಡುತ್ತಿದ್ದುದನ್ನು ಐದು ವರ್ಷ ನೋಡಿದ್ದೇನೆ. ಆದರೂ ದಾರ ಎಳೆಯುವಾಗ ಅದು ಹೊಳೆಯಲಿಲ್ಲ. ನಮ್ಮವರ ಊಟದ ಹೊತ್ತು ನಕ್ಷೆಯೊಳಗೆ ತಾನಾಗಿ ಬಂದು ಕೂತಿತ್ತು, ಇನ್ನೊಬ್ಬರ ನಮಾಜಿನ ಹೊತ್ತು ಬರಲಿಲ್ಲ. ಈ ದಾರಿ ಹಳೆಯದಕ್ಕಿಂತ ಎಷ್ಟು ಉತ್ತಮ ಎಂದು ಎರಡು ಪುಟದ ಟಿಪ್ಪಣಿ ಬೇರೆ ಬರೆದು ಹುಬ್ಬಳ್ಳಿಯ ಕಚೇರಿಗೆ ಕಳಿಸಿದೆ. ಅವರು ಮೆಚ್ಚಿ ಒಪ್ಪಿದರು.

ಮೊದಲ ಶುಕ್ರವಾರ ಕನ್ಯಾನದಲ್ಲಿ ಇಳಿದಾಗ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ನಾನು ಹುಡುಕಿಕೊಂಡು ಹೋದ ದೊಡ್ಡ ಜಿನಸಿ ಅಂಗಡಿಯ ಯಜಮಾನರು ಬಾಗಿಲ ಹಲಗೆಗಳನ್ನು ಜೋಡಿಸುತ್ತಿದ್ದರು. ಹಜ್ ಮಾಡಿ ಬಂದವರಾದ್ದರಿಂದ ಊರೆಲ್ಲ ಅವರನ್ನು ಹಾಜಿಯವರು ಎನ್ನುತ್ತಿತ್ತು. ತಲೆಯ ಮೇಲೆ ಬಿಳಿ ಟೊಪ್ಪಿ, ಕೈಯಲ್ಲಿ ಕೊನೆಯ ಹಲಗೆ.

"ಶುಕ್ರವಾರ ಈ ಹೊತ್ತಿಗೆ ಯಾರಾದರೂ ಬರ್ತಾರಾ ಮಾರಾಯ್ರೆ? ನಿಮ್ಮದು ಯಾವ ಊರು?"

"ಮೂಡುಬಿದಿರೆ."

"ಅಷ್ಟು ದೂರವೇನಲ್ಲವಲ್ಲ!" ಎಂದರು. ವಿದೇಶದವನಾಗಿದ್ದರೆ ಕ್ಷಮಿಸಬಹುದಿತ್ತು ಎನ್ನುವ ಹಾಗೆ. ಆಮೇಲೆ ನಡೆಯುತ್ತಲೇ, "ಒಂದು ಕೆಲಸ ಮಾಡುವ. ನನಗೆ ಎಷ್ಟು ಬೇಕು ಅಂತ ಚೀಟಿ ಬರೆದು ಬಸ್ಸಿನಲ್ಲಿ ಕಳಿಸ್ತೇನೆ. ನೀವು ಬಿಸಿಲಿಗೆ ಯಾಕೆ ಬರುವುದು?" ಎಂದು ಹೇಳಿ ಮಸೀದಿಯ ಕಡೆ ಹೋದರು.

ನಮ್ಮ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಕೈಗೆ ಕೊಟ್ಟರೆ ಔಷಧಿ, ಮಲ್ಲಿಗೆ, ಮದುವೆ ಕಾಗದ ಎಲ್ಲವೂ ತಲುಪುತ್ತಿದ್ದವು. ಚೀಟಿಯೂ ತಲುಪಿತು. ಮುಂದಿನ ತಿಂಗಳಿಂದ ನಾನು ಕಲ್ಲಡ್ಕ, ವಿಟ್ಲ ಮುಗಿಸಿ ವಿಟ್ಲದ ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲುತ್ತಿದ್ದೆ. ಕನ್ಯಾನದ ಬಸ್ಸಿನ ಕಂಡಕ್ಟರ್, ನನ್ನದೇ ವಯಸ್ಸಿನವನು, ಕಿವಿಯ ಸಂದಿಯಲ್ಲಿ ಸಿಕ್ಕಿಸಿದ ಪೆನ್ನಿನ ಜತೆಗೇ ಹಾಜಿಯವರ ಚೀಟಿ ತೆಗೆದು ಕೊಡುತ್ತಿದ್ದ. ನಾನು ವರದಿಯಲ್ಲಿ "ಕನ್ಯಾನ, 12.30, ಮಾಲೀಕರ ಭೇಟಿ" ಎಂದು ಬರೆಯುತ್ತಿದ್ದೆ. ಮರುದಿನ ಸೆಲ್ಲಿನ ಪೆಟ್ಟಿಗೆ ಅದೇ ಬಸ್ಸಿನ ಟಾಪಿನಲ್ಲಿ ಹೋಗುತ್ತಿತ್ತು. ಶನಿವಾರಕ್ಕೆ ಬದಲಾಯಿಸಬಹುದಿತ್ತಲ್ಲ ಎಂದು ಕೇಳಬಹುದು. ಬದಲಾಯಿಸಲು ಕಾರಣ ಬರೆಯಬೇಕಿತ್ತು. ಎರಡು ಪುಟ ಬರೆದವನಿಗೆ ಆ ಒಂದು ಸಾಲು ಬರೆಯಲು ಕೈ ಬರಲಿಲ್ಲ.

ಆರನೆಯ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ, ಮುನ್ಸೂಚನೆ ಇಲ್ಲದೆ, ಮ್ಯಾನೇಜರ್ ಬಿ.ಸಿ. ರೋಡಿಗೆ ಬಂದಿಳಿದರು. ಧಾರವಾಡ ಕಡೆಯವರು, ಕೈಯಲ್ಲಿ ನನ್ನ ಐದು ವರದಿಗಳ ಫೈಲು.

"ಇವತ್ತು ಸಿದ್ಧಕಟ್ಟೆ ಕಡೆ ಹೋಗುವ ಸಾರ್," ಎಂದೆ. "ಅಲ್ಲಿ ವ್ಯಾಪಾರ ಒಳ್ಳೆಯದುಂಟು."

"ಪ್ಲಾನಿನಾಗ ಏನ್ ಬರದೀರಿ?"

"ಕನ್ಯಾನ."

"ಮತ್ತ ಕನ್ಯಾನಕ್ಕ ಹೋಗೂಣು. ನಿಮ್ಮ ಪ್ಲಾನ್ ನೋಡಾಕ ಅಂತನ ಬಂದೀನಿ. ಆಫೀಸಿನಾಗ ಎಲ್ಲಾರಿಗೂ ತೋರಿಸೀವಿ ಅದನ್ನ."

ಕಲ್ಲಡ್ಕದಲ್ಲೂ ವಿಟ್ಲದಲ್ಲೂ ಎಲ್ಲ ಸರಿಯಾಗಿಯೇ ನಡೆಯಿತು. ಅಂಗಡಿಯವರು ನನ್ನನ್ನು ಹೆಸರು ಹಿಡಿದು ಕರೆದರು, ಒಬ್ಬರು ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು. ಮ್ಯಾನೇಜರ್ ಖುಷಿಯಾದರು. ನಾವು ವಿಟ್ಲದಲ್ಲಿ ಕನ್ಯಾನದ ಬಸ್ಸು ಹತ್ತುತ್ತಿದ್ದ ಹಾಗೆ ಕಂಡಕ್ಟರ್ ನನ್ನನ್ನು ನೋಡಿ ಕಣ್ಣರಳಿಸಿದ. "ಇನಿ ಈರೇ ಬತ್ತರಾ?" ಎಂದ. ಇವತ್ತು ನೀವೇ ಬಂದಿರಾ ಎಂದು. ಅಷ್ಟು ಸಾಲದೆಂಬಂತೆ ಚೀಟಿಯನ್ನೂ ತೆಗೆದು ನನ್ನ ಕೈಗಿಟ್ಟ. ನಾನು ಗಡಿಬಿಡಿಯಲ್ಲಿ ಅದನ್ನು ಅಂಗಿಯ ಜೇಬಿಗೆ ತುರುಕಿದೆ.

ಮ್ಯಾನೇಜರಿಗೆ ತುಳು ಬರುತ್ತಿರಲಿಲ್ಲ. "ಏನಂದಾ ಅಂವಾ?"

"ಸೀಟು ಖಾಲಿ ಉಂಟಂತೆ ಸಾರ್."

"ಕೈಯಾಗ ಏನ್ ಕೊಟ್ಟಾ?"

"ಟಿಕೆಟ್."

"ನಿಮ್ಮ ಕಡೆ ಟಿಕೆಟ್ ಭಾಳ ದೊಡ್ಡವು ಬಿಡ್ರಿ," ಎಂದು ಅವರು ಕಿಟಕಿಯ ಹೊರಗೆ ನೋಡತೊಡಗಿದರು. ಆ ದಾರಿಯ ತಿರುವುಗಳೆಲ್ಲ ನನಗೆ ಇವತ್ತಿಗೂ ನೆನಪಿವೆ ಎನ್ನಲು ಆಸೆ. ನಿಜವೆಂದರೆ ಆ ಹೊತ್ತಿನಲ್ಲಿ ನಾನು ನನ್ನ ಮೊಣಕಾಲನ್ನು ಬಿಟ್ಟು ಬೇರೇನನ್ನೂ ನೋಡಿರಲಾರೆ.

ಕನ್ಯಾನದಲ್ಲಿ ಇಳಿದಾಗ ಪೇಟೆ ಮುಚ್ಚಿತ್ತು. ಹಾಜಿಯವರ ಅಂಗಡಿಯ ಹಲಗೆಗಳು ಒಂದೂ ಬಿಡದೆ ಕೂತಿದ್ದವು. ಮ್ಯಾನೇಜರ್ ಫೈಲು ತೆರೆದರು. ಒಂದು ವರದಿ ನೋಡಿ, ಮುಚ್ಚಿದ ಬಾಗಿಲು ನೋಡಿ, ಇನ್ನೊಂದು ವರದಿ ನೋಡಿದರು.

"ಹನ್ನೆರಡೂವರಿ. ಮಾಲೀಕರ ಭೇಟಿ. ಶುಕ್ರವಾರ ಹಿಂಗ ಬಂದ್ ಇರತೈತೇನು?"

"ಇವತ್ತು ಸ್ವಲ್ಪ..." ಎಂದೆ.

ಅಂಗಡಿಯ ಜಗಲಿಯಲ್ಲಿ ಇಬ್ಬರೂ ಕೂತೆವು. ಅರ್ಧ ಗಂಟೆಯೋ ಒಂದು ಗಂಟೆಯೋ. ಹಾಜಿಯವರು ನನ್ನನ್ನು ನೋಡಿದ್ದು ಒಂದೇ ಸಲ, ಅದೂ ಅವಸರದಲ್ಲಿ. ಅವರು ಬಂದು "ಯಾರಿವರು?" ಎಂದು ಕೇಳಿದರೆ ಸಾಕು, ಕೆಲಸ ಮುಗಿಯಿತು. ದೊಡ್ಡಪ್ಪನಿಗೆ ಏನು ಹೇಳುವುದೆಂದು ಆಗಲೇ ಮನಸ್ಸಿನಲ್ಲಿ ಸಾಲು ಕಟ್ಟುತ್ತಿದ್ದೆ.

ನಮಾಜು ಬಿಟ್ಟು ಜನ ಬಂದರು. ಹಾಜಿಯವರೂ ಬಂದು ಹಲಗೆಗೆ ಕೈ ಹಾಕಿದರು. ಮ್ಯಾನೇಜರ್ ಎದ್ದು ನಿಂತು ನನ್ನನ್ನು ತೋರಿಸಿ ಕೇಳಿದರು: "ಇವರು ನಿಮ್ಮಲ್ಲಿಗೆ ತಿಂಗಳಾ ತಿಂಗಳಾ ಬರತಾರೇನ್ರಿ?"

ಇಲ್ಲಿಂದ ಮುಂದಿನದನ್ನು ನಾನು ಹತ್ತು ವರ್ಷ ಒಂದೇ ರೀತಿ ಹೇಳಿಕೊಂಡು ಬಂದೆ. ಹಾಜಿಯವರು ಬಾಯಿ ತೆರೆಯುವ ಮೊದಲೇ ನಾನು ಚೀಟಿಯನ್ನು ಜೇಬಿನಿಂದ ತೆಗೆದು ಮ್ಯಾನೇಜರ ಮುಂದೆ ಹಿಡಿದೆ. "ನಾನು ಬರುವುದಿಲ್ಲ ಸಾರ್. ವರದಿಯಲ್ಲಿ ಬರೆದದ್ದು ಸುಳ್ಳು. ಶುಕ್ರವಾರ ಇಟ್ಟದ್ದು ನನ್ನ ತಪ್ಪು" ಎಂದೆ. ಅವರು ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದರು. ಹೆಂಡತಿಗೆ ಹೀಗೆಯೇ ಹೇಳಿದ್ದೇನೆ. ಆಮೇಲೆ ನನ್ನ ಕೈಕೆಳಗೆ ಕೆಲಸಕ್ಕೆ ಬಂದವರಿಗೆಲ್ಲ ವರದಿಯಲ್ಲಿ ಸುಳ್ಳು ಬರೆಯಬೇಡಿ ಎಂದು ಬುದ್ಧಿ ಹೇಳುವಾಗಲೂ ಹೀಗೆಯೇ ಹೇಳಿದ್ದೇನೆ.

ಆ ದಿನದ ಉಳಿದ ಭಾಗದ ಬಗ್ಗೆ ಅನುಮಾನವಿಲ್ಲ. ಜಗಲಿಯಲ್ಲೇ ಕೂತು ಮ್ಯಾನೇಜರ್ ನನ್ನ ಪ್ಲಾನನ್ನು ಹಾಜಿಯವರ ಮುಂದೆ ಬಿಡಿಸಿದರು. ಹಾಜಿಯವರು ಕನ್ನಡಕ ಹಾಕಿಕೊಂಡು, ಕನ್ಯಾನಕ್ಕೆ ಶನಿವಾರ ಬೆಳಿಗ್ಗೆ ಎಂದು ತಿದ್ದಿಸಿದರು. ಅಷ್ಟಕ್ಕೇ ನಿಲ್ಲದೆ ಸಿದ್ಧಕಟ್ಟೆಯನ್ನೂ ಎಳೆದು ಬೇರೆ ದಿನಕ್ಕೆ ಹಾಕಿಸಿದರು. ಅಲ್ಲಿ ಅವರ ಅಳಿಯನ ಅಂಗಡಿ ಇತ್ತು. ನನಗೆ ಪರೀಕ್ಷೆಯ ಅವಧಿ ಮೂರು ತಿಂಗಳು ಮುಂದೆ ಹೋಯಿತು. ಆಮೇಲೆ ಕೆಲಸ ಖಾಯಮಾಯಿತು, ಸ್ಕೂಟರೂ ಬಂತು. ದೊಡ್ಡಪ್ಪ ಅದರ ಸೀಟನ್ನು ಎರಡು ಸಲ ಒತ್ತಿ ನೋಡಿದರು, ಏನೂ ಕೇಳಲಿಲ್ಲ.

ಸ್ಕೂಟರ್ ಬಂದ ಮೇಲೆ ಬಸ್ಸುಗಳು ನನ್ನ ಬದುಕಿನಿಂದ ಹೋದವು. ಈಗ ಆ ವರ್ಷಗಳನ್ನು ನೆನೆದರೆ ಸ್ಕೂಟರ್ ನೆನಪಿಗೆ ಬರುವುದೇ ಕಡಿಮೆ. ಬರುವುದು ಮುಂಡಾಜೆಯ ರಸ್ತೆ ಬದಿಯಲ್ಲಿ, ಚಾರ್ಮಾಡಿ ಕಡೆಯಿಂದ ಬಸ್ಸಿನ ಹಾರ್ನು ಕೇಳಿದ ಕೂಡಲೇ ಅರ್ಧ ಕುಡಿದ ಚಹಾ ಇಟ್ಟು ಓಡುತ್ತಿದ್ದುದು. ಸಿದ್ಧಕಟ್ಟೆಯ ಬಸ್ಸಿನಲ್ಲಿ ಸೆಲ್ಲಿನ ಪೆಟ್ಟಿಗೆಯ ಮೇಲೆ ಶಾಲೆಯ ಮಕ್ಕಳು ಸಾಲಾಗಿ ಕೂರುತ್ತಿದ್ದುದು. "ಸಾರ್, ನಿಮ್ಮದು ಏನು ವ್ಯಾಪಾರ?" ಎಂದು ಬಸ್ಸಿನಲ್ಲಿ ನನ್ನನ್ನು ಕೇಳಿದವರಿಗೆ ತಾನೇ ಮೊದಲು "ಬೆಳಕಿನದ್ದು" ಎನ್ನುತ್ತಿದ್ದ ಕನ್ಯಾನ ಬಸ್ಸಿನ ಆ ಕಂಡಕ್ಟರ್. ಸ್ಕೂಟರಿನಲ್ಲಿ ಅವನ ಬಸ್ಸನ್ನು ಹಿಂದೆ ಹಾಕುವಾಗ ಅವನು ಬಾಗಿಲಿನಿಂದ ಕೈ ಬೀಸಿ ಬೈಯುತ್ತಿದ್ದ. ಏನು ಬೈಯುತ್ತಿದ್ದನೋ ಗಾಳಿಗೆ ಕೇಳಿಸುತ್ತಿರಲಿಲ್ಲ.

ಎರಡು ಸಾವಿರದ ಐದರ ಆಸುಪಾಸಿನಲ್ಲಿ, ಆ ಕಂಪನಿ ಬಿಟ್ಟು ಎಷ್ಟೋ ಕಾಲವಾದ ಮೇಲೆ, ವಿಟ್ಲದಲ್ಲೊಂದು ಮದುವೆಗೆ ಹೋದವನು ಕನ್ಯಾನಕ್ಕೂ ಹೋದೆ. ಅಂಗಡಿಗೆ ಹಲಗೆಯ ಬದಲು ಶಟರ್ ಬಂದಿತ್ತು. ಆರ್ಡರೆಲ್ಲ ಮೊಬೈಲಿನಲ್ಲಿ ಹೋಗುತ್ತಿತ್ತು. ಹಾಜಿಯವರು ತೆಳ್ಳಗಾಗಿದ್ದರು, ಆದರೆ ನನ್ನನ್ನು ನೋಡಿದ ಕೂಡಲೇ, "ಓ, ಶುಕ್ರವಾರದವರು!" ಎಂದರು.

ಮಾತು ಆ ದಿನದ ಕಡೆಗೆ ಹೋಯಿತು. "ಅವತ್ತು ನಾನು ಸತ್ಯ ಹೇಳಿಬಿಟ್ಟದ್ದು ಒಳ್ಳೆಯದಾಯಿತು," ಎಂದೆ.

ಹಾಜಿಯವರು ನನ್ನನ್ನೇ ನೋಡಿದರು. "ನೀವು ಎಲ್ಲಿ ಹೇಳಿದ್ದು ಮಾರಾಯ್ರೆ? ನಿಮ್ಮ ಬಾಯಿಗೆ ಬೀಗ ಬಿದ್ದಿತ್ತು. ನಾನೇ ಕೇಳಿದ್ದು, ಬೆಳಿಗ್ಗೆ ಚೀಟಿ ಕಳಿಸಿದ್ದೇನಲ್ಲ, ಸಿಗಲಿಲ್ವಾ ಅಂತ. ಅದು ನಿಮ್ಮ ಜೇಬಿನಿಂದ ಹೊರಗೆ ಇಣುಕ್ತಾ ಇತ್ತು. ನಾನೇ ಎಳೆದು ತೆಗೆದೆ."

"ಮ್ಯಾನೇಜರ್?"

"ಕೋಪ ಬಂತು ಅವರಿಗೆ. ಹಾಗಾದರೆ ಈ ಮನುಷ್ಯ ಬರುವುದೇ ಇಲ್ವಾ ಅಂತ ಕೇಳಿದರು. ನಾನು ಹೇಳಿದೆ, ಇಲ್ಲ, ಇವರು ಬರುವುದಿಲ್ಲ, ಮಾಲು ಬರ್ತದೆ. ಮೊದಲಿನವ ತಪ್ಪದೆ ಬರ್ತಿದ್ದ, ಮಾಲು ಬರ್ತಿರಲಿಲ್ಲ. ನಿಮ್ಮ ಕಂಪನಿಗೆ ಯಾವುದು ಬೇಕು ಅಂತ. ಆಗ ನಕ್ಕರಲ್ಲ ಅವರು? ಅದೂ ನೆನಪಿಲ್ವಾ?"

ನಕ್ಕದ್ದು ನೆನಪಿತ್ತು. ನನ್ನ ಕಥೆಯಲ್ಲಿ ಆ ನಗುವಿಗೆ ಜಾಗವೇ ಇರಲಿಲ್ಲವೆಂದು ಆಗ ಹೊಳೆಯಿತು. ತಪ್ಪೊಪ್ಪಿಕೊಂಡವನ ಎದುರು ಯಾಕೆ ಯಾರಾದರೂ ಹಾಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ?

ಆದರೂ ಸುಲಭಕ್ಕೆ ಬಿಡಲು ಮನಸ್ಸಾಗಲಿಲ್ಲ. "ನಿಮಗೆ ಖಾತ್ರಿಯಾ ಹಾಜಿಯವರೇ?"

"ನನಗೂ ವಯಸ್ಸಾಯ್ತು," ಎಂದರು ಅವರು. "ಬೇಕಾದರೆ ನೀವೇ ಹೇಳಿದ್ದು ಅಂತ ಇಟ್ಟುಕೊಳ್ಳಿ. ನನಗೇನೂ ನಷ್ಟ ಇಲ್ಲ."

ಅಷ್ಟು ಉದಾರವಾಗಿ ಕೊಟ್ಟದ್ದನ್ನು ತೆಗೆದುಕೊಳ್ಳುವ ಆಸೆ ಒಂದು ಕ್ಷಣ ಬಂದದ್ದು ಹೌದು. ಆದರೆ ನನ್ನ ಆ ಮೂರು ವಾಕ್ಯಗಳನ್ನು ಮನಸ್ಸಿನಲ್ಲೇ ಮತ್ತೆ ಹೇಳಿ ನೋಡಿದೆ. ಎಷ್ಟು ನೆಟ್ಟಗಿದ್ದವು. ಒಂದಾದ ಮೇಲೊಂದು, ತಡವರಿಕೆ ಇಲ್ಲದೆ. ಮ್ಯಾನೇಜರ ಎದುರು "ಇವತ್ತು ಸ್ವಲ್ಪ" ಎಂದು ನಿಂತುಹೋದವನ ಬಾಯಿಂದ ಅರ್ಧ ಗಂಟೆಯ ಅಂತರದಲ್ಲಿ ಅಂಥ ವಾಕ್ಯಗಳು ಬಂದವೆಂದು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆ ಮಾತುಗಳನ್ನು ನಾನು ಆಮೇಲೆ, ಬಹುಶಃ ಸ್ಕೂಟರಿನ ಮೇಲೆ ಒಬ್ಬನೇ ಹೋಗುವಾಗ, ಸ್ವಲ್ಪ ಸ್ವಲ್ಪವಾಗಿ ಕಟ್ಟಿರಬೇಕು.

"ಇಲ್ಲ ಹಾಜಿಯವರೇ," ಎಂದೆ. "ಹೇಳಿದ್ದು ನೀವೇ. ನಾನು ಸುಮ್ಮನೆ ನಿಂತಿದ್ದೆ."

"ಹಾಂ," ಎಂದು ಅವರು ತಲೆಯಾಡಿಸಿ, ಸಕ್ಕರೆ ಕೇಳುತ್ತ ಆಗಿನಿಂದ ನಿಂತಿದ್ದ ಗಿರಾಕಿಯ ಕಡೆ ತಿರುಗಿದರು.